ಬೈರಪ್ಪನ ಮೇಲೆ ರಸ್ತೆ

“ಬಳೆ ಒಡೆದೀಯಾ, ಜೋಕೆ! ಸತ್ತ ಅಂತ ಯಾವ ಬೋಳಿಮಗ ಹೇಳ್ದ ನಿಂಗೆ? ನಿನ್ ಗಂಡ ಓಡೋಗಿದಾನೆ ಕಣೇ!”

ಕಂಟ್ರಾಕ್ಟರ್ ಸೋಮಲಿಂಗಪ್ಪ ಹೀಗೆ ಕಿರುಚುವಾಗ ನನ್ನ ತಲೆ ಮೇಲೆ ಮಣ್ಣಿನ ಬಾಣಲಿ ಇತ್ತು. ಅವನ ಮುಖಕ್ಕೇ ಸುರಿಯೋಣ ಅನ್ನಿಸಿತು.

ಎಪ್ಪತ್ತನಾಲ್ಕನೇ ಇಸವಿ. ಕೆಂಗೇರಿ ಹತ್ತಿರ ಹೊಳೆಯ ಕೆಳಗೆ ಲಾರಿ ಓಡುವ ಸುರಂಗ ಕಟ್ಟುತ್ತಿದ್ದೆವು. ಮರಳು ಮೂಟೆ ಒಟ್ಟಿ ಅರ್ಧ ಹೊಳೆಯನ್ನು ಪಕ್ಕಕ್ಕೆ ತಳ್ಳುವುದು, ಬರಿದಾದ ಕಡೆ ತೋಡಿ ಗೋಡೆ, ಚಾವಣಿ ಹಾಕುವುದು, ಆಮೇಲೆ ನೀರನ್ನು ಅದರ ಮೇಲೆ ಬಿಟ್ಟು ಇನ್ನರ್ಧಕ್ಕೆ ಕೈ ಹಾಕುವುದು. ಆ ಇನ್ನರ್ಧ ತೋಡುವಾಗ ಮೂಟೆ ಸಾಲು ಒಡೆಯಿತು. ನನ್ನ ಗಂಡ ಬೈರಪ್ಪ ಕೆಳಗಿದ್ದ. ಕೆಸರು ಅವನನ್ನು ನುಂಗಿದ್ದನ್ನು ನಾನೇ ಕಣ್ಣಾರೆ ಕಂಡೆ. ಪಾಪಿಗಳು ಹೆಣ ತೆಗೆಸಲಿಲ್ಲ. ನೀರು ಬಸಿದು, ಅವನ ಮೇಲೆಯೇ ಕಾಂಕ್ರೀಟ್ ಸುರಿಸಿದರು.

ನಮ್ಮಲ್ಲಿ ಸತ್ತವರನ್ನು ಹೂಳಿ, ಮಣ್ಣಿನ ಮೇಲೆ ಹಾಲು ಬಿಡುತ್ತೇವೆ. ಹೆಂಡತಿ ಬಳೆ ಒಡೆಯುತ್ತಾಳೆ. ಒಡೆದರೆ ಸತ್ತ ಅಂತಾಯಿತು, ಪೊಲೀಸರು ಬರುತ್ತಾರೆ. ಅದಕ್ಕೇ ನಾನು ಮುತ್ತೈದೆಯಾಗಿಯೇ ಇರಬೇಕಿತ್ತು. ಮೇಸ್ತ್ರಿ ದೊಡ್ಡಣ್ಣ ದಿನಾ ಬೆಳಗ್ಗೆ ನನ್ನ ಹಣೆ ನೋಡಿಯೇ ಕೆಲಸಕ್ಕೆ ಬಿಡುತ್ತಿದ್ದ.

“ಕುಂಕುಮ ಚಿಕ್ಕದಾಯ್ತಲ್ಲೇ ಪಾಪಮ್ಮ? ದೊಡ್ಡದಾಗಿ ಇಟ್ಕೊಂಡ್ ಬಾ, ಹೋಗು.”

ಥೂ! ಕಟ್ಟಿಕೊಂಡವನಿಗೆ ಅಳುವುದಕ್ಕೂ ಇವರ ಅಪ್ಪಣೆ ಬೇಕಾಯಿತು. ಗುಡಿಸಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ.

ದೊಡ್ಡ ಸಾಹೇಬರು ಬಂದು ಸುರಂಗ ತೆರೆಯುವ ದಿನ ಚೊಂಬಿನಲ್ಲಿ ಹಾಲು ಹಿಡಿದು ಹೋದೆ. ಪೂಜೆಗೆ ಕೂತಿದ್ದ ಪುರೋಹಿತರು ದಡಕ್ಕನೆ ಎದ್ದರು.

“ದೂರ ನಿಲ್ಲೇ, ಮೈಲಿಗೆ ಮಾಡ್ಬೇಡ! ಮೊದಲು ಸಾಹೇಬ್ರ ಕಾರು ಹೋಗ್ಬೇಕು.”

“ಮೊದಲು ಹೋಗಿದ್ದು ನನ್ ಗಂಡ, ಸ್ವಾಮಿ. ಇನ್ನೂ ಈಚೆಗೆ ಬಂದಿಲ್ಲ.”

ರಂಗೋಲಿ ತುಳಿದುಕೊಂಡೇ ಒಳಗೆ ನಡೆದೆ. ಸೋಮಲಿಂಗಪ್ಪ ರಟ್ಟೆ ಹಿಡಿಯಲು ಬಂದ. ಮಣ್ಣು ಹೊರುವ ಬೋರಮ್ಮ ಅವನಿಗೆ ಅಡ್ಡ ನಿಂತಳು.

“ಮುಟ್ಟು ನೋಡಾನ, ನಿನ್ ಕೈ ಕಡಿತೀನಿ.”

ಉಳಿದ ಹೆಂಗಸರೂ ನನ್ನ ಹಿಂದೆ ಬಂದರು. ಬೈರಪ್ಪ ಎಲ್ಲಿದ್ದಾನೆ ಅಂತ ನನಗೆ ಗೊತ್ತಿತ್ತು. ಅಲ್ಲಿ ಕೂತೆ, ಅವರೂ ನನ್ನ ಸುತ್ತ ಕೂತರು. ಎರಡೂ ಕೈ ನೆಲಕ್ಕೆ ಬಡಿದೆ. ಬಳೆ ಚೂರಾಯಿತು, ರಕ್ತ ಬಂತು. ಹಾಲು ಬಿಟ್ಟೆ.

ಕಾಂಕ್ರೀಟು ಒಂದು ತೊಟ್ಟನ್ನೂ ಕುಡಿಯಲಿಲ್ಲ. ಹಾಲೆಲ್ಲ ಚರಂಡಿ ಕಡೆ ಹರಿಯಿತು. ಅಂಗೈ ಅಡ್ಡವಿಟ್ಟೆ, ಸೆರಗು ಅಡ್ಡವಿಟ್ಟೆ, ನಿಲ್ಲಲಿಲ್ಲ.

“ಕುಡಿ ಮಾವಾ... ಒಂದ್ ತೊಟ್ಟಾದ್ರೂ ಕುಡಿ ಮಾವಾ...”

ಹಿಂದೆ ಸಾಹೇಬರ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು. ನಮ್ಮಲ್ಲಿ ಒಬ್ಬಳೂ ಏಳಲಿಲ್ಲ.