ಮೀಸೆ ತಾತನ ಮೀಸೆ ಹೋದದ್ದು

ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಬೀದಿಯ ನೀರು ಕ್ಷೌರದಂಗಡಿಯ ಹೊಸ್ತಿಲು ಮುಟ್ಟಿದ ಮೇಲೆ ತಾತ ಕತ್ತರಿ, ಬಾಚಣಿಗೆಗಳನ್ನು ಚೀಲಕ್ಕೆ ತುಂಬಿ, ಬಾಗಿಲೆಳೆದು ಮನೆಗೆ ಬಂದ. ಬಂದವನಿಗೆ ಮಗಳು ತನ್ನಿಬ್ಬರು ಮಕ್ಕಳನ್ನು ಒಪ್ಪಿಸಿ, ಕೊಡೆ ಹಿಡಿದು ಆಸ್ಪತ್ರೆಯ ಕೆಲಸಕ್ಕೆ ಹೊರಟಳು. ಅಜ್ಜಿ ಪಕ್ಕದ ಮನೆಯಲ್ಲಿ ಜ್ವರದಿಂದ ಮಲಗಿದ್ದ ಗೆಳತಿಯನ್ನು ನೋಡಲು ಹೋಗಿದ್ದಳು.

"ಆಚೆ ಬಿಡಬೇಡಪ್ಪ, ನೆಗಡಿ ಆಗುತ್ತೆ," ಎಂದಷ್ಟೇ ಮಗಳು ಹೇಳಿದ್ದು. ಒಳಗೆ ಹಿಡಿದಿಡುವುದು ಹೇಗೆಂದು ಹೇಳಲಿಲ್ಲ.

ಅಕ್ಕನಿಗೆ ಏಳು ವರ್ಷ, ತಮ್ಮನಿಗೆ ಐದು. ಬಕೆಟ್ಟಿನಲ್ಲಿ ಕಾಗದದ ದೋಣಿ ಬಿಟ್ಟಿದ್ದಾಯಿತು, ಮಂಚದ ಕೆಳಗೆ ಅಡಗಿದ್ದಾಯಿತು, ಹೊಡೆದಾಟದಲ್ಲಿ ಒಂದು ದಿಂಬು ಹೊಟ್ಟೆ ಒಡೆದುಕೊಂಡದ್ದೂ ಆಯಿತು. ಹತ್ತಿ ಬಳಿದು ಮುಗಿಸುವಷ್ಟರಲ್ಲಿ ತಾತನ ಸೊಂಟ ಬಿದ್ದುಹೋಯಿತು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದೇ ಇದಕ್ಕಿಂತ ಸುಲಭ ಅನ್ನಿಸಿತು.

"ಅಂಗಡಿ ಆಟ ಆಡೋಣ," ಅಂದಳು ಅಕ್ಕ. "ನಾವು ಕಟಿಂಗ್ ಮಾಡೋರು. ನೀನು ಗಿರಾಕಿ."

ಕೂತಲ್ಲೇ ಕೂರುವ ಆಟ. ತಾತ ತಕ್ಷಣ ಒಪ್ಪಿದ. ಕುರ್ಚಿ ಬಂತು, ಕೊರಳಿಗೆ ಟವೆಲ್ಲು ಬಂತು. ಅಕ್ಕ ತಲೆ ಬಾಚಿದಳು. ತಮ್ಮ ಬಟ್ಟಲಲ್ಲಿ ಸೋಪು ಕಲಸಿ ಕೆನ್ನೆಗೆ, ಮೂಗಿಗೆ, ಒಂದು ಕಿವಿಗೂ ನೊರೆ ಹಚ್ಚಿದ.

"ಏನ್ ಸ್ವಾಮಿ, ಈ ಕಡೆ ಬರೋದೇ ಬಿಟ್ರಿ?" ಎಂದ ತಮ್ಮ, ಥೇಟ್ ತಾತನ ಧಾಟಿಯಲ್ಲೇ.

"ಈ ಮಳೇಲಿ ಹೆಂಗೆ ಬರೋದು ಹೇಳಿ," ಎನ್ನುತ್ತ ತಾತ ಕಣ್ಣು ಮುಚ್ಚಿದ. ಜೀವಮಾನವಿಡೀ ಬೇರೆಯವರ ತಲೆ ನೇವರಿಸಿದವನಿಗೆ, ತನ್ನ ತಲೆಯ ಮೇಲೆ ಪುಟ್ಟ ಕೈಗಳು ಓಡಾಡುವ ಸುಖಕ್ಕೆ ಜೊಂಪು ಹತ್ತಿತು.

ಕಚಕ್ಕೆಂದ ಸದ್ದಿಗೆ ಎಚ್ಚರವಾಯಿತು. ಚೀಲದೊಳಗಿನ ಕತ್ತರಿ ತಮ್ಮನ ಕೈಗೆ ಬಂದಿತ್ತು. ಟವೆಲ್ಲಿನ ಮೇಲೆ ಅರ್ಧ ಮೀಸೆ ಬಿದ್ದಿತ್ತು. ಮದುವೆಗೂ ಮುಂಚೆ ಬಿಟ್ಟ ಮೀಸೆ; ಅದರಿಂದಲೇ ಅವನು ಬೀದಿಗೆಲ್ಲ ಮೀಸೆ ತಾತ.

"ನಾನಲ್ಲ. ನಾನು ಬರೀ ಬಾಚಿದ್ದು," ಎಂದು ಅಕ್ಕ ಬಾಗಿಲ ಸಂದಿಗೆ ಸರಿದಳು.

ತಾತನ ಪಿತ್ತ ನೆತ್ತಿಗೇರಿತು. ಗದರಿಸಲು ಬಾಯಿ ತೆರೆದವನು, ಮಗುವಿನ ಕೈಯಲ್ಲಿ ಇನ್ನೂ ಬಾಯಿ ತೆರೆದೇ ಇದ್ದ ಕತ್ತರಿ ಕಂಡು ಮೊದಲು ಅದನ್ನು ಬಿಡಿಸಿಕೊಂಡ. ಆ ಬೆರಳುಗಳು ತಣ್ಣಗಾಗಿದ್ದವು. ಅಷ್ಟು ಹೊತ್ತಿಗೆ ಸಿಟ್ಟು ಎಲ್ಲಿ ಇಳಿದುಹೋಯಿತೋ ಅವನಿಗೇ ತಿಳಿಯಲಿಲ್ಲ.

"ಅರ್ಧ ಕೆಲಸ ಮಾಡಿ ಯಾರಾದ್ರೂ ಗಿರಾಕೀನ ಕಳಿಸ್ತಾರೇನೋ? ಬಾ ಇಲ್ಲಿ, ಹಿಡಿ. ನಿನ್ನ ಕೈ ಮೇಲೆ ನನ್ನ ಕೈ ಇರುತ್ತೆ."

ಇಬ್ಬರೂ ಸೇರಿ ಉಳಿದರ್ಧವನ್ನೂ ಕತ್ತರಿಸಿದರು. ಆಮೇಲೆ ತಾತನೇ ನುಣ್ಣಗೆ ಬೋಳಿಸಿಕೊಂಡ. ಅಕ್ಕ ಸಂದಿಯಿಂದ ಹೊರಬಂದು ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ ಕಿಸಕ್ಕೆಂದಳು. ತಮ್ಮನೂ ನಕ್ಕ. ತಾತನಿಗೂ ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅಜ್ಜಿ ಬಂದಳು. ಬಾಗಿಲಲ್ಲೇ ನಿಂತು ದಿಟ್ಟಿಸಿದಳು.

"ಬಯ್ಯಬೇಡ್ವೇ, ಮಕ್ಕಳು," ಎಂದ ತಾತ, ಬಾಯಿಗೆ ಕೈ ಅಡ್ಡ ಹಿಡಿದು.

ಅಜ್ಜಿ ಹತ್ತಿರ ಬಂದು ಆ ಕೈ ಸರಿಸಿದಳು. ಸೆರಗಿನಿಂದ ಕಿವಿಯ ನೊರೆ ಒರೆಸಿದಳು. "ಇಷ್ಟು ವರ್ಷ ಸಂಸಾರ ಮಾಡಿದೀನಿ, ಗೊತ್ತೇ ಇರಲಿಲ್ಲ ನೋಡಿ," ಎಂದಳು ಮೆಲ್ಲಗೆ. "ಅತ್ತೆ ಬಾಯಿ ಇದು. ನಕ್ಕರೆ ಅವರೇ."

ತಾತ ಎದ್ದು ಕನ್ನಡಿಯ ಮುಂದೆ ನಿಂತ. ಎಂದೋ ಮಣ್ಣಾದ ಅಮ್ಮ ಅಲ್ಲಿಂದ ಅವನನ್ನು ನೋಡುತ್ತಿದ್ದಳು. "ಹೌದು ಕಣೇ, ನಮ್ಮಮ್ಮನೇ," ಎಂದ.

"ತಾತ, ಮಳೆ ಬಂದಾಗ ನಿಮ್ಮಮ್ಮ ಏನು ಆಟ ಆಡಿಸ್ತಿದ್ರು?" ತಮ್ಮ ಪಂಚೆ ಜಗ್ಗಿದ.

ತಾತ ನೆಲದ ಮೇಲೆ ಕೂತ. ಮಕ್ಕಳು ಆಚೆಗೊಂದು ಈಚೆಗೊಂದು ಒತ್ತಿಕೊಂಡವು. ಅಜ್ಜಿಯೂ ಕೆಲಸ ಬಿಟ್ಟು ಕೂತಳು.

"ನಮ್ಮನೆ ಸೋರ್ತಿತ್ತು ಕಣೋ. ಒಂದೊಂದು ಹನಿ ಕೆಳಗೂ ಒಂದೊಂದು ಪಾತ್ರೆ ಇಡೋಳು. ಕಣ್ಣು ಮುಚ್ಚಿಸಿ, ಈಗ ಸದ್ದು ಮಾಡಿದ್ದು ಯಾವ ಪಾತ್ರೆ ಅಂತ ಕೇಳೋಳು. ಗೆದ್ದೋರು ಅವಳ ಮಗ್ಗುಲಲ್ಲಿ ಮಲಗಬಹುದಿತ್ತು."

"ನೀನು ಗೆಲ್ತಿದ್ಯಾ?"

"ಎಲ್ಲರಿಗಿಂತ ಚಿಕ್ಕೋನು ನಾನು," ಎಂದ ತಾತ. "ನನ್ನ ಸರದಿ ಬಂದಾಗ ಕಿವೀಲಿ ಹೇಳಿಕೊಡ್ತಿದ್ಲು."