ಅಮ್ಮನ ಮಾತು ಯಾರ ಪಾಲಿಗೆ

ಲಕ್ವ ಹೊಡೆದ ಮೇಲೆ ಅಮ್ಮನ ಬಾಯಲ್ಲಿ ಉಳಿದದ್ದು ಅವರ ಸೀಮೆಯ ಹಳೆಯ ನುಡಿ ಬಾಸ್ಕ್ ಒಂದೇ. ಸ್ಪ್ಯಾನಿಷ್ ಪೂರ್ತಿ ಅಳಿಸಿಹೋಗಿತ್ತು. ಮಗಳು ನೆಕಾನೆಗೆ ಬರುತ್ತಿದ್ದದ್ದು ಸ್ಪ್ಯಾನಿಷ್ ಮಾತ್ರ. ಹೀಗಾಗಿ ಹೆತ್ತ ತಾಯಿಯೊಡನೆ ಎರಡು ಮಾತಾಡಲೂ ಅವಳಿಗೆ ತಮ್ಮನ ಹೆಂಡತಿ ರೆಮೆಯ ಬಾಯಿ ಬೇಕಿತ್ತು.

ಆ ರೆಮೆಯಾದರೂ ಯಾರು? ದಕ್ಷಿಣದ ಬರಡು ಸೀಮೆಯಿಂದ ಇವರ ಊರು ಬೆರ್ಗಾರದ ಕಾರ್ಖಾನೆಗೆ ಕೂಲಿಗೆ ಬಂದವನ ಮಗಳು. ಮದುವೆಯಾದ ಮೇಲೆ ಸಂಜೆ ಶಾಲೆಗೆ ಹೋಗಿ ಬಾಸ್ಕ್ ಕಲಿತಳು. "ದನ ಕಾಯೋರ ಭಾಷೆ ಕಲಿತು ಯಾವ ದರ್ಬಾರು ನಡೆಸ್ತೀಯೆ?" ಎಂದು ಆಗ ನಕ್ಕವಳು ಇದೇ ನೆಕಾನೆ. ಅಪ್ಪ-ಅಮ್ಮನ ಕಡೆಯಿಂದ ತನಗೆ ಬಂದ ಎಂಟು ಮನೆತನದ ಹೆಸರುಗಳೂ ಬಾಸ್ಕ್, ಒಂದೂ ಹೊರಗಿನದಲ್ಲ ಎಂಬ ಜಂಬ ಬೇರೆ.

ಆ ಶನಿವಾರ ನೆಕಾನೆ ಕರಿ ಬೀನ್ಸ್ ಕಾಳು ಬೇಯಿಸಿಕೊಂಡು ತಮ್ಮನ ಮನೆಗೆ ಬಂದಾಗ ಅಮ್ಮ ರೆಮೆಯ ಕೆನ್ನೆ ಹಿಂಡಿ ಕಿಲಕಿಲ ನಗುತ್ತಿದ್ದಳು. ನೆಕಾನೆ ಬಾಗಿಲಲ್ಲೇ ನಿಂತಳು.

"ಏನಂತೆ ಅಷ್ಟೊಂದು ನಗು?"

"ಏನಿಲ್ಲ ಅತ್ತಿಗೆ, ಯಾವುದೋ ಹಳೇ ಕತ್ತೆ ಕಥೆ. ಸ್ಪ್ಯಾನಿಷಲ್ಲಿ ಹೇಳಿದ್ರೆ ನಗು ಬರಲ್ಲ, ಬಾಸ್ಕಲ್ಲೇ ಕೇಳಬೇಕು."

"ಓಹೋ! ಮೊಲೆಹಾಲು ಕುಡಿದವಳು ನಾನು, ಕಥೆ ನಿನಗೆ! ಎಲ್ಲಿಂದಲೋ ಬಂದವಳು ನನ್ನಮ್ಮನ್ನ ಬುಟ್ಟಿಗೆ ಹಾಕ್ಕೊಂಡ್ಯಲ್ಲೇ!" ನೆಕಾನೆ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. ಅಮ್ಮನತ್ತ ತಿರುಗಿ ಸ್ಪ್ಯಾನಿಷಿನಲ್ಲೇ ಕಿರುಚಿದಳು: "ನನಗ್ಯಾಕೆ ಕಲಿಸಲಿಲ್ಲ? ನಾನೇನು ಪಾಪ ಮಾಡಿದ್ದೆ?"

ಅಮ್ಮನ ನಗು ನಿಂತಿತು. ಕಣ್ಣು ಮುಚ್ಚಿಕೊಂಡು, ಅಂಗೈಯನ್ನು ಮುಂದೆ ಚಾಚಿದಳು.

"ಮೆತ್ತಗೆ, ಅತ್ತಿಗೆ," ಎಂದಳು ರೆಮೆ. "ಅತ್ತೆ ಚಿಕ್ಕವರಿದ್ದಾಗ ಶಾಲೇಲಿ ಬಾಸ್ಕ್ ಮಾತಾಡಿದ ಮಗೂಗೆ ಒಂದು ಉಂಗುರ ತೊಡಿಸೋರಂತೆ. ಇನ್ನೊಬ್ಬರು ಮಾತಾಡಿದ್ದನ್ನ ಹಿಡಿದುಕೊಟ್ರೆ ಉಂಗುರ ಅವರಿಗೆ ಹೋಗ್ತಿತ್ತು. ಸಾಯಂಕಾಲ ಯಾರ ಬೆರಳಲ್ಲಿರುತ್ತೋ ಅವರಿಗೆ ಬೆತ್ತದೇಟು. ನನ್ನ ಮಕ್ಕಳಿಗೆ ಅದು ಬೇಡ ಅಂತಲೇ ನಿಮಗೆ ಕಲಿಸಲಿಲ್ಲವಂತೆ. ಈಗ ನೀವು ಸ್ಪ್ಯಾನಿಷಲ್ಲಿ ಕಿರುಚಿದ್ದಕ್ಕೆ ನಿಮ್ಮನ್ನೇ ಬೆತ್ತ ಹಿಡಿದ ಆ ಶಾಲೆಯ ಮೇಡಂ ಅಂದ್ಕೊಂಡಿದಾರೆ."

ನೆಕಾನೆ ಅಮ್ಮನ ಕುರ್ಚಿಯ ಮುಂದೆ ಕೂತು, ಆ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

ಏಟು ಬೀಳಲಿಲ್ಲವೆಂದು ಅಮ್ಮ ಮೆಲ್ಲನೆ ಒಂದು ಕಣ್ಣು ತೆರೆದಳು. ಇನ್ನೊಂದು ಕೈಯಿಂದ ರೆಮೆಯತ್ತ ಬೆರಳು ತೋರಿಸಿ, ಸ್ವಚ್ಛ ಸ್ಪ್ಯಾನಿಷಿನಲ್ಲಿ ಹೇಳಿದಳು: "ನಾನಲ್ಲ ಮೇಡಂ, ಮಾತಾಡಿದ್ದು ಇವಳು."

ಲಕ್ವ ಹೊಡೆದಂದಿನಿಂದ ಅಮ್ಮ ನೆಕಾನೆಯೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.