ಯಾರೂ ಕರೆಯದ ಡಾಕ್ಟ್ರು

ಔಷಧಿ ಸಗಟು ಮಾರುವ ಆ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಎಲ್ಲರೂ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆ ಅವನದು. ಒಂಟಿ ಜೀವ, ಬೆಳಿಗ್ಗೆ ಮನೆಗೆ ಬೀಗ ಹಾಕುವವನೂ ಅವನೇ, ಸಂಜೆ ತೆಗೆಯುವವನೂ ಅವನೇ. ಆದರೆ ಹಗಲಿಡೀ ಅವನ ಫೋನಿಗೆ ಪುರುಸೊತ್ತಿರಲಿಲ್ಲ.

"ಡಾಕ್ಟ್ರೇ, ನಮ್ಮ ಪೇಷೆಂಟ್ ಮತ್ತೆ ಮಲಗಿಬಿಟ್ಟ, ಬೇಗ ಬನ್ನಿ!"

ಅವನು ಹೋಗಿ ಕೂತು, ಹಳೇ ಯಂತ್ರ ಏದುಸಿರು ಬಿಡುತ್ತ ಏಳುವಷ್ಟರಲ್ಲಿ, ಆ ಮೇಜಿನವರು ಮನೆ ಕಥೆಯನ್ನೆಲ್ಲ ಬಿಚ್ಚಿಡುತ್ತಿದ್ದರು. ಯಾರ ಮಗಳು ಮಾತು ಬಿಟ್ಟಿದ್ದಾಳೆ, ಯಾರಿಗೆ ಮಂಡಿನೋವು, ಎಲ್ಲ ಅವನಿಗೆ ಗೊತ್ತು.

ಒಂದು ದಿನ ಯಜಮಾನರು ಕರೆಸಿದರು. "ಈ ಯಂತ್ರಗಳ ಗೋಳು ಸಾಕಾಗಿ ಹೋಗಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಅಂತಾರಲ್ಲ, ನಮಗೆ ಯಾವ್ದು ಸರಿ ಹೋಗುತ್ತೆ?"

ಅವನು ಮೂರನ್ನೂ ಅಳೆದು ತೂಗಿ ಹೇಳಿದ. "ಮ್ಯಾಕ್ ಬೇಕು ಅಂದ್ರೆ ಯಂತ್ರಗಳನ್ನೇ ಬದಲಾಯಿಸ್ಬೇಕು. ಹೊಸ ವಿಂಡೋಸನ್ನ ನಮ್ಮ ಈ ಮುದಿ ಯಂತ್ರಗಳು ಹೊರಲ್ಲ. ಲಿನಕ್ಸ್ ಹಗುರ. ನಮ್ಮ ಆರ್ಡರೆಲ್ಲ ಬ್ರೌಸರ್‌ನಲ್ಲೇ ನಡೆಯುತ್ತೆ, ಅದಕ್ಕೆ ಲಿನಕ್ಸೇ ಸಾಕು. ಲೆಕ್ಕದ ಸಾಫ್ಟ್‌ವೇರ್ ಮಾತ್ರ ವಿಂಡೋಸ್‌ನಲ್ಲೇ ಓಡೋದು. ಅಕೌಂಟ್ಸ್ ಅಕ್ಕನಿಗೆ ಒಂದು ಹೊಸ ಯಂತ್ರ ಕೊಡಿಸಿಬಿಡಿ."

ಹಾಗೇ ಆಯಿತು. ಮೊದಮೊದಲು "ಅಯ್ಯೋ, ನನ್ನ ಫೈಲೆಲ್ಲಿ?" ಎಂಬ ಕೂಗಾಟವಿತ್ತು. ಆಮೇಲೆ ಅದೂ ತಣ್ಣಗಾಯಿತು. ಯಂತ್ರಗಳು ಮಲಗುವುದೂ ನಿಂತಿತು, ಯಾರೂ ಕರೆಯಲಿಲ್ಲ. ಕೋಣೆಯ ಫೋನೇ ಕೆಟ್ಟಿದೆಯೇನೋ ಎಂದು ಅವನು ತನ್ನ ಮೊಬೈಲಿನಿಂದ ಅದಕ್ಕೆ ಕರೆ ಮಾಡಿ ನೋಡಿದ. ಚೆನ್ನಾಗಿಯೇ ಹೊಡೆದುಕೊಂಡಿತು.

"ನಿಮ್ಮ ಸದ್ದೇ ಇಲ್ಲ, ಭಲೇ!" ಎಂದು ಯಜಮಾನರು ಬೆನ್ನು ತಟ್ಟಿದರು.

ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಅವನು ಅಕೌಂಟ್ಸ್ ಅಕ್ಕನ ಮೇಜಿಗೆ ಹೋದ.

"ಏನ್ ಡಾಕ್ಟ್ರೇ, ಏನಾದ್ರೂ ಕೆಟ್ಟಿದ್ಯಾ?"

"ಇಲ್ಲಕ್ಕ, ಸುಮ್ನೆ ಬಂದೆ. ಮನೇಲೆಲ್ಲ ಹೇಗಿದ್ದಾರೆ?"

ಅಕ್ಕನ ಬೆರಳು ನಿಂತಿತು. "ನಮ್ಮತ್ತೆ ಹೋಗ್ಬಿಟ್ರು, ತಿಂಗಳ ಮೇಲಾಯ್ತು. ಆಫೀಸಿನೋರೆಲ್ಲ ಬಂದಿದ್ರು. ನಿಮಗೆ ಯಾರೂ ಹೇಳಲೇ ಇಲ್ವಾ?"



ಭಾನುವಾರ ಅಕ್ಕನ ಮನೆಗೆ ಹೋದ. ಅಕ್ಕನ ಗಂಡನೂ ಮನೆಯಲ್ಲಿದ್ದರು. ಸಾವಿನ ಮಾತು ಬೇಗ ಮುಗಿದು, ಮುಂದೇನು ಎಂದು ಮೂವರೂ ಮುಖ ಮುಖ ನೋಡಿಕೊಂಡರು. ಅಕ್ಕನ ಗಂಡ ಎದ್ದು ಹೋಗಿ ಲ್ಯಾಪ್‌ಟಾಪ್ ತಂದರು. "ಆಫೀಸಲ್ಲಿ ಎಲ್ರೂ ಆ ಲಿನಕ್ಸನ್ನ ಹೊಗಳ್ತಾರಂತೆ. ನಮಗೂ ಹಾಕ್ಕೊಡ್ತೀರಾ?"

ಅವನಿಗೆ ಹೋದ ಜೀವ ಬಂದಂತಾಯಿತು. ಹಾಕಿಕೊಟ್ಟರೆ, ಇವರಿಗೆ ಅಭ್ಯಾಸವಾಗುವವರೆಗೆ ವಾರವಾರವೂ ಕರೆಯುತ್ತಾರೆ. ಅಲ್ಲಿ ಇಲ್ಲಿ ಒತ್ತಿ ನೋಡಿದ. ಯಂತ್ರ ಹೊಸದು. ಇವರಿಗೆ ಬೇಕಾದದ್ದೋ ಸಿನಿಮಾ, ಫೋಟೋ, ದೂರದ ಮಗಳ ಜೊತೆ ಮಾತು.

"ಆಫೀಸಿಗೆ ಸರಿ ಹೋಗಿದ್ದು ಮನೆಗೂ ಸರಿ ಅಂತೇನಿಲ್ಲ," ಎಂದ. "ಈ ವಿಂಡೋಸ್ ಚೆನ್ನಾಗಿ ಓಡ್ತಿದೆ, ನಿಮಗೂ ಅಭ್ಯಾಸ ಆಗಿದೆ. ಇದನ್ನೇ ಇಟ್ಕೊಳ್ಳಿ."

"ಹಾಗಾದ್ರೆ ಏನೂ ಮಾಡೋದು ಬೇಡ್ವಾ?"

"ಏನೂ ಬೇಡ."

ಅವರು ಲ್ಯಾಪ್‌ಟಾಪ್ ಮುಚ್ಚಿದರು. ಅವನು ಎದ್ದ.

"ಊಟ ಮಾಡ್ಕೊಂಡು ಹೋಗಿ," ಎಂದರು ಅಕ್ಕ.

"ಇಲ್ಲಕ್ಕ, ಸ್ವಲ್ಪ ಕೆಲಸ ಇದೆ."

ಎಷ್ಟೋ ವರ್ಷದ ರೂಢಿ, ಮಾತು ತಾನಾಗಿ ಹೊರಬಿತ್ತು. ಬೀದಿಗಿಳಿದ ಮೇಲೆ ತನ್ನ ನಾಲಿಗೆಗೆ ತಾನೇ ಶಾಪ ಹಾಕಿದ. ಮಹಡಿಯಲ್ಲಿ ಅಕ್ಕನ ಮನೆಯ ಕಿಟಕಿಯೊಳಗೆ ತಟ್ಟೆಗಳ ಸದ್ದು. ತಿರುಗಿ ಮೆಟ್ಟಿಲು ಹತ್ತಲು ಮುಖವಿಲ್ಲ. ಬಸ್ಸು ಬಂದು ನಿಂತಿತು, ಹತ್ತಲಿಲ್ಲ. ಬೇಗ ಮನೆ ಸೇರಿ ಆಗಬೇಕಾದ್ದೇನೂ ಇರಲಿಲ್ಲವಾದ್ದರಿಂದ, ನಡೆದೇ ಹೊರಟ.